ಕೆರೆಯ ತಳದಲ್ಲಿ ಬಿದಿರು ನಿಲ್ಲಿಸಿದ್ದು: ನನ್ನ ಅನುಭವ

ಬಿದಿರು ಮುಳುಗುವುದಿಲ್ಲ, ಮುಳುಗಿದರೂ ನಿಲ್ಲುವುದಿಲ್ಲ, ನಿಂತರೆ ನಿನ್ನ ಬಲೆಯೇ ಹರಿಯುತ್ತದೆ. ಮೀನುಮರಿ ಅಡಗಲೆಂದು ಕೆರೆಯ ತಳದಲ್ಲಿ ಬಿದಿರು ನಿಲ್ಲಿಸಲು ಹೊರಟಾಗ, ನಮ್ಮ ಹಾನಗಲ್ ಕಡೆ ಮೀನು ಸಾಕಲು ಕೆರೆ ಗುತ್ತಿಗೆ ಹಿಡಿದವರಲ್ಲಿ ನನಗೆ ಇದನ್ನು ಹೇಳದವರೇ ಉಳಿದಿರಲಿಲ್ಲ. ಒಬ್ಬ ಹಿರಿಯರಂತೂ ಏರಿ ಮೇಲೆ ಕೂತು, "ತಮ್ಮಾ, ಮೀನಿಗೆ ಮನಿ ಕಟ್ಟಾಕ ಹೊಂಟೀಯೇನು? ಮೊದಲು ನಿನ್ನ ಮನಿ ಹಂಚು ಹೊದಸು" ಅಂದಿದ್ದರು. ಈಗ ಅವರ ಕೆರೆಗೂ ನಾನೇ ಹಾಕಿಕೊಟ್ಟಿದ್ದೇನೆ. ಪುಕ್ಕಟೆ ಅಲ್ಲ.

ಹೂಳೆತ್ತಿದ ಮೇಲೆ ನಮ್ಮ ಕೆರೆಯ ತಳ ಬೋಳಾಗಿತ್ತು. ಮೊದಲು ಜಾಲಿ ಬೊಡ್ಡೆ, ಮುಳ್ಳುಕಂಟಿ ಇದ್ದವು. ಜೆಸಿಬಿ ಎಲ್ಲವನ್ನೂ ಬಳಿದುಕೊಂಡು ಹೋಯಿತು. ಮಳೆಗಾಲದಲ್ಲಿ ಬಿಟ್ಟ ರೋಹು, ಕಾಟ್ಲಾ, ಮೃಗಾಲ್ ಮರಿಗಳಿಗೆ ಅಡಗಲು ಒಂದು ಕಡ್ಡಿಯೂ ಇಲ್ಲ. ನೀರುಕಾಗೆಗಳಿಗೆ ಹಬ್ಬ. ಅವು ಬಿಟ್ಟದ್ದು ರಾತ್ರಿ ಬೀಸುಬಲೆ ತರುವವರಿಗೆ.

ಮೊದಲ ಸಲ ಹೆಬ್ಬಿದಿರು ತಂದೆ, ದಪ್ಪ ಇದ್ದಷ್ಟೂ ಒಳ್ಳೆಯದೆಂಬ ಲೆಕ್ಕ. ಗಳಗಳನ್ನು ಗೊಂಚಲು ಕಟ್ಟಿ, ಬುಡಕ್ಕೆ ಕಲ್ಲು ತುಂಬಿದ ಗೊಬ್ಬರದ ಚೀಲ ಬಿಗಿದು ಹರಿಗೋಲಿನಿಂದ ಇಳಿಸಿದೆವು. ಸ್ವಲ್ಪ ದಿನಕ್ಕೆ ಚೀಲ ಹರಿದು, ಗಳಗಳೆಲ್ಲ ತೇಲಿ ಕೋಡಿಯ ಹತ್ತಿರ ಸಂತೆ ನೆರೆದಿದ್ದವು. ತೂತು ಹಾಕಬೇಕೆಂದು ಎಲ್ಲರಿಗೂ ಗೊತ್ತು, ನಾನೂ ಹಾಕಿದ್ದೆ. ಆದರೆ ಒಂದು ತೂತು ಸಾಲದು. ಗಳ ನೆಟ್ಟಗೆ ನಿಲ್ಲುವುದರಿಂದ ಕೆಳಗಿನ ತೂತಿನಲ್ಲಿ ನೀರು ಒಂದಿಷ್ಟು ನುಗ್ಗುತ್ತದೆ, ಗಾಳಿ ಮೇಲಿನ ಗೆಣ್ಣಿಗೆ ಅಂಟಿಕೊಂಡು ಅಲ್ಲೇ ಕೂತಿರುತ್ತದೆ. ಪ್ರತಿ ಅಂಡೆಗೂ, ಅಂದರೆ ಎರಡು ಗೆಣ್ಣಿನ ನಡುವಿನ ಟೊಳ್ಳಿಗೂ, ಎರಡು ಬೇಕು: ಕೆಳಗಿನ ಗೆಣ್ಣಿನ ಮಗ್ಗುಲಿಗೆ ಒಂದು, ಮೇಲಿನ ಗೆಣ್ಣಿಗೆ ತಾಗಿ ಒಂದು. ಡ್ರಿಲ್ ಇದ್ದರೆ ಬೇಗ ಆಗುತ್ತದೆ. ನಾನು ಸರಳು ಕಾಯಿಸಿ ಸುಡುತ್ತೇನೆ, ಗಳ ಸೀಳುವುದು ಕಡಿಮೆ.

ಆಮೇಲೆ ಕಿರುಬಿದಿರಿಗೆ ಬಂದೆ. ಒಣಭೂಮಿಯಲ್ಲಿ ಬೆಳೆದ ಕಿರುಬಿದಿರು ಒಳಗೆ ಹೆಚ್ಚುಕಮ್ಮಿ ಗಟ್ಟಿ, ತೂತಿನ ಕೆಲಸ ಅರ್ಧ ಇಳಿಯಿತು. 2017ರ ತಿದ್ದುಪಡಿಯಲ್ಲಿ ಕಾಡಿನ ಹೊರಗೆ ಬೆಳೆದ ಬಿದಿರನ್ನು ಕೇಂದ್ರದ ಅರಣ್ಯ ಕಾಯ್ದೆಯ 'ಮರ'ದ ಲೆಕ್ಕದಿಂದ ತೆಗೆದಮೇಲೆ ಬದುವಿನ ಮೆಳೆ ಇದ್ದವರು ಹೆದರದೆ ಕಡಿದು ಕೊಡುತ್ತಾರೆ. ನಾನು ಕೊಂಡಾಗ ಗಳಕ್ಕೆ ಎಂಬತ್ತೋ ನೂರೋ ಇತ್ತು.

ನನ್ನ ದುಡ್ಡು ನಿಜವಾಗಿ ತಿಂದದ್ದು ಬುಡ. ಪೇಂಟಿನ ಇಪ್ಪತ್ತು ಲೀಟರ್ ಬಕೆಟ್ಟಿಗೆ ಕಾಂಕ್ರೀಟ್ ತುಂಬಿ ಗಳ ನೆಟ್ಟೆ. ದಡದಲ್ಲಿ ಅದು ಐವತ್ತು ಕೆಜಿ ಹತ್ತಿರ ತೂಗುತ್ತದೆ, ನೀರಿನೊಳಗೆ ಮೂವತ್ತೂ ಇಲ್ಲ. ತಳ ಸಣ್ಣದು, ತಲೆ ದೊಡ್ಡದು. ಹೂಳಿನಲ್ಲಿ ಒಂದು ಮಗ್ಗುಲಿಗೆ ಇಳಿದು ಎಲ್ಲ ಮಲಗಿಬಿಟ್ಟವು. ಇನ್ನು ಕೆಲವದರಲ್ಲಿ ಕಾಂಕ್ರೀಟೇ ಸೀಳಿತ್ತು. ಒಣ ಬಿದಿರು ನೀರು ಕುಡಿದು ಊದಿಕೊಂಡರೆ ಸಿಮೆಂಟನ್ನೂ ಒಡೆಯುತ್ತದೆ. ಒಂದೊಂದಕ್ಕೆ ಸಾಗಣೆ, ಕೂಲಿ ಸೇರಿ ಒಂಬೈನೂರು ರೂಪಾಯಿ ಬಿದ್ದಿತ್ತು. ಮನೆಯಲ್ಲಿ ಆ ಲೆಕ್ಕ ಇನ್ನೂ ಪೂರ್ತಿ ಹೇಳಿಲ್ಲ.

ಈಗ ಮಾಡುವುದು ಹೀಗೆ. ಗಳವನ್ನು ಐದಡಿ ತುಂಡು ಮಾಡಿ, ಎರಡು ಮೂರು ವಾರ ನೀರಲ್ಲಿ ನೆನೆಹಾಕಿ, ಹಸಿಯಾಗಿಯೇ ಕಾಂಕ್ರೀಟಿಗೆ ಕೂರಿಸುತ್ತೇನೆ. ಕುಟ್ಟೆ ಹುಳುವಿಗೂ ಅದೇ ಮದ್ದು. ಪ್ರತಿ ತುಂಡಿನ ಬುಡಕ್ಕೆ ಗೇಣುದ್ದ ಸರಳು ಅಡ್ಡ ತೂರಿಸುತ್ತೇನೆ, ಎಳೆದರೂ ಕಿತ್ತು ಬರುವುದಿಲ್ಲ. ಅಚ್ಚಿಗೆ ಖರ್ಚಿಲ್ಲ: ಕೆರೆಯಂಗಳದಲ್ಲೇ ಎರಡೂವರೆ ಅಡಿ ಅಗಲ, ನಾಲ್ಕಿಂಚು ಆಳದ ಗುಂಡಿ, ಅದಕ್ಕೆ ಹಳೇ ಗೊಬ್ಬರದ ಚೀಲದ ಹಾಸು. ಕೆಳಗೆ ಎರಡು ಹಸಿ ಗಳ ಕತ್ತರಿಯಾಕಾರದಲ್ಲಿ, ಅಂಚಿನಿಂದ ಎರಡಡಿ ಹೊರಗೆ ಚಾಚಿರುವಂತೆ. ಈ ಕಾಲುಗಳಿಂದಲೇ ಅದು ಹೂಳಿನಲ್ಲಿ ಇಳಿಯದೆ ನಿಲ್ಲುವುದು. ಹತ್ತು ತುಂಡುಗಳನ್ನು ಹೊರಕ್ಕೆ ಬಾಗಿಸಿ ನೆಡುತ್ತೇನೆ, ಗೆಣ್ಣಿನ ಕಡ್ಡಿ ಸವರುವುದಿಲ್ಲ. ಒಂದು ಚೀಲ ಸಿಮೆಂಟಿಗೆ ಮೂರು ನಾಲ್ಕು ಬುಡ ಆಗುತ್ತವೆ, ಒಂದೊಂದು ಕ್ವಿಂಟಲ್ ತೂಕ. ಹೊರುವ ಮಾತೇ ಇಲ್ಲ, ಸುರಿದಲ್ಲೇ ಇರುತ್ತದೆ. ಖರ್ಚು ಒಂದಕ್ಕೆ ನಾನೂರೈವತ್ತರ ಆಸುಪಾಸು ಬಂದಿತ್ತು.

ಜಾಗ ಮುಖ್ಯ. ಒಂದು ವರ್ಷ ದಂಡೆಗೆ ಹತ್ತಿರ ಹಾಕಿದ್ದೆ, ಮಾರ್ಚಿಗೆ ನೀರು ಸರಿದು ಬಿದಿರು ತಲೆಯೆತ್ತಿತು. ಕಾಮನ ಹಬ್ಬಕ್ಕೆ ಊರ ಹುಡುಗರು ಒಂದೇ ರಾತ್ರಿಯಲ್ಲಿ ಎಲ್ಲ ಕಡಿದುಕೊಂಡು ಹೋಗಿ ಸುಟ್ಟರು. ಆ ಹಬ್ಬದಲ್ಲಿ ಕಟ್ಟಿಗೆ ಕದ್ದರೆ ಬೈಯುವ ಹಾಗೂ ಇಲ್ಲ! ಈಗ ಮೇ ಕೊನೆಯಲ್ಲಿ ನೀರು ಎಲ್ಲಿಗೆ ಇಳಿದಿರುತ್ತದೋ ಆ ಅಂಚಿನಲ್ಲೇ ಹಾಕುತ್ತೇನೆ. ಹಬ್ಬಕ್ಕೆ ಅದು ಇನ್ನೂ ನೀರೊಳಗೇ ಇರುತ್ತದೆ. ಮಳೆ ಬರುವ ತನಕ ಒದ್ದೆ ಗೋಣಿ ಹೊದಿಸಿದರೆ ಬಿದಿರೂ ಕುಗ್ಗುವುದಿಲ್ಲ. ನೀರು ಏರಿ ಇಳಿಯುವ ಗೆರೆಯಲ್ಲಿ ಬಿದಿರು ಬೇಗ ಕೊಳೆಯುತ್ತದೆ, ಸದಾ ಮುಳುಗಿದ್ದರೆ ವರ್ಷಗಟ್ಟಲೆ ತಾಳುತ್ತದೆ.

ಬಲೆ ಹರಿಯುವ ಮಾತು ಸುಳ್ಳಲ್ಲ. ಅದಕ್ಕೇ ಎಳೆಬಲೆಯ ದಾರಿ ಪೂರ್ತಿ ಖಾಲಿ ಬಿಟ್ಟು, ತೂಬು ಕೋಡಿ ಎರಡರಿಂದಲೂ ದೂರದ ಮೂಲೆಯಲ್ಲಿ ಎರಡೇ ಸಾಲು. ಗುರುತಿಗೆ ಬಾಟಲಿ ತೇಲಿಬಿಟ್ಟರೆ ಕಳ್ಳರಿಗೆ ದಾರಿ ತೋರಿಸಿದ ಹಾಗೆ. ಗುಡಿಯ ಶಿಖರ, ತೂಬಿನ ಕಂಬ ನೇರಕ್ಕೆ ಹಿಡಿದು ಮನಸ್ಸಿನಲ್ಲೇ ಇಟ್ಟುಕೊಂಡಿದ್ದೇನೆ. ಮೀನು ಹಿಡಿಯುವ ಮುಂಚೆ ನಾಲ್ಕಾರು ದಿನ ಬಯಲು ನೀರಿನಲ್ಲಿ ತೌಡು, ಶೇಂಗಾ ಹಿಂಡಿ ಉಂಡೆ ಹಾಕುತ್ತೇನೆ, ಮೀನು ತಾನಾಗಿ ಹೊರಗೆ ಬರುತ್ತದೆ. ಹಿಂಡಿಗೆ ಇನ್ನೊಂದು ಬೆರೆಸುತ್ತೇನೆ. ಅದು ನನ್ನ ಹತ್ತಿರವೇ ಇರಲಿ. ಇನ್ನು ರಾತ್ರಿಯವರ ಬಲೆಗಳು ಬಿದಿರಿಗೆ ಸಿಕ್ಕಿ ಅಲ್ಲೇ ಉಳಿಯುತ್ತವೆ. ಬಿಟ್ಟರೆ ಅದರಲ್ಲೇ ಮೀನು ಸತ್ತು ಕೊಳೆಯುತ್ತದೆ, ತೆಗೆಯಲೇಬೇಕು. ತೆಗೆದದ್ದರಲ್ಲಿ ಒಂದೆರಡನ್ನು ಹೊಲಿದು ನಾನೇ ಬಳಸುತ್ತಿದ್ದೇನೆ.

ನಡುವೆ ಬೇರೆ ಆಟಗಳನ್ನೂ ಆಡಿದೆ. ಅಡಿಕೆ ಸೋಗೆ ಕಟ್ಟಿ ಇಳಿಸಿದರೆ ಬೇಗ ಕೊಳೆತು ನೀರು ನಾರಿತು. ಪಿವಿಸಿ ಪೈಪಿನದು ಗಟ್ಟಿಯಾಗಿ ನಿಂತಿತು, ಆದರೆ ಬಿದಿರಿನಷ್ಟು ಪಾಚಿ ಹಿಡಿಯಲಿಲ್ಲ. ರೋಹುವಿಗೆ ಬೇಕಾದದ್ದೇ ಆ ಪಾಚಿ. ಬಿದಿರಿನ ಮೇಲೆ ಅದು ಮೇಯ್ದ ಗೆರೆಗಳು ಕಾಣುತ್ತವೆ. ಕಾಟ್ಲಾಕ್ಕೆ ಇದರಿಂದ ಏನೂ ಇಲ್ಲ, ಅದು ಮೇಲಿನ ನೀರಿನ ಮೀನು. ಅಂಡೆಗಳನ್ನು ಅಡ್ಡ ಕಟ್ಟಿ ಒಂದು ಕಂತೆ ಹಾಕಿದ್ದೆ, ಅದರೊಳಗೆ ಹಾವುಮೀನು ಸಂಸಾರ ಹೂಡಿತು. ಜಿಲೇಬಿ ಮೀನೂ (ತಿಲಾಪಿಯಾ) ಕರೆಯದೇ ಬಂದು ಸೇರಿಕೊಂಡಿದೆ, ಅದಕ್ಕೆ ಮದ್ದಿಲ್ಲ. ಮರಿ ನುಂಗುವ ಕೊರವ ಮೀನಂತೂ ಬಿದಿರಿನ ಪಕ್ಕದಲ್ಲೇ ಕಾದು ಕೂರುತ್ತದೆ, ಅದಕ್ಕೇ ಬೆರಳುದ್ದ ಬಲಿಯದ ಮರಿ ನಾನು ಬಿಡುವುದಿಲ್ಲ.

ಮೊದಲು ಬಿಟ್ಟ ಹತ್ತು ರೋಹುವಿನಲ್ಲಿ ಮೂರು ಕೈಗೆ ಸಿಗುತ್ತಿದ್ದವು, ಈಗ ಐದರ ಹತ್ತಿರ. ಮಳೆ ಚೆನ್ನಾಗಿ ಆದ ವರ್ಷಗಳೂ ಅದರಲ್ಲಿವೆ, ಎಲ್ಲ ಬಿದಿರಿನ ಮಹಿಮೆ ಅನ್ನುವುದಿಲ್ಲ. ಹಾಕಿದ ದುಡ್ಡು ಮಾತ್ರ ಎರಡನೇ ಸಲ ಮೀನು ಹಿಡಿದಾಗಲೇ ಬಂತು.

ಹಳೆಯವುಗಳಲ್ಲಿ ಗಳ ಮೆತ್ತಗಾಗುತ್ತಿದೆ, ಬುಡ ಕಲ್ಲಿನಂತೆ ಇದೆ. ಬುಡ ಒಡೆಯದೆ ಗಳ ಬದಲಿಸಲು ಈಗ ಹೊಸದಕ್ಕೆ ಸರಳಿನ ಬದಲು ಪಿವಿಸಿ ಪೈಪಿನ ಗೇಣುದ್ದ ತುಂಡುಗಳನ್ನೇ ಕಾಂಕ್ರೀಟಿನಲ್ಲಿ ಮೇಲೆ ಚಾಚಿದಂತೆ ಕೂರಿಸಿ, ಅದರೊಳಗೆ ಒಣ ಬಿದಿರು ಬಡಿಯುತ್ತಿದ್ದೇನೆ. ಊದಿಕೊಂಡಷ್ಟೂ ಬಿಗಿಯಾಗುತ್ತದೆ. ಈ ಮಳೆಗಾಲ ತಡೆದರೆ ಮುಂದಿನವೆಲ್ಲ ಹೀಗೆಯೇ.