ಡೆಸ್ಕ್‌ಟಾಪ್ ಬರ್ತಿಲ್ವಾ? ಫಾರ್ಮ್ಯಾಟ್ ಮಾಡೋ ಮುಂಚೆ ಇಷ್ಟು ನೋಡಿ

ಕಳೆದ ತಿಂಗಳು ಚಿಕ್ಕಮ್ಮ ಫೋನ್ ಮಾಡಿದ್ದರು. ನಾನು ಉಬುಂಟು ಅನ್ನುವ ಲಿನಕ್ಸ್ ಸಿಸ್ಟಮ್ ಹಾಕಿಕೊಟ್ಟಿದ್ದ ಲ್ಯಾಪ್‌ಟಾಪ್ ಅವರನ್ನು ಒಳಗೇ ಬಿಡುತ್ತಿರಲಿಲ್ಲ. ಪಾಸ್‌ವರ್ಡ್ ಸರಿಯಾಗಿಯೇ ಕೊಡುತ್ತಾರೆ, ಪರದೆ ಒಂದು ಕ್ಷಣ ಕಪ್ಪಾಗುತ್ತದೆ, ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ಹತ್ತಿರದ ಅಂಗಡಿಯವರು ‘ಫಾರ್ಮ್ಯಾಟ್ ಮಾಡಬೇಕು’ ಅಂದರಂತೆ. ಒಳಗಡೆ ಮಗಳ ಮದುವೆ ಫೋಟೊ ಎಲ್ಲಾ ಇದ್ದವು. ಸದ್ಯ, ಚಿಕ್ಕಮ್ಮ ಒಪ್ಪಲಿಲ್ಲ.

ಲಿನಕ್ಸ್‌ನಲ್ಲಿ ಡೆಸ್ಕ್‌ಟಾಪ್ ಕೂಡ ಸಿಸ್ಟಮ್ಮಿನ ಮೇಲೆ ಓಡುವ ಒಂದು ಪ್ರೋಗ್ರಾಂ. ಅದು ಏಳಲಿಲ್ಲ ಅಂದ ಮಾತ್ರಕ್ಕೆ ಸಿಸ್ಟಮ್ ಸತ್ತಿದೆ ಅಂತಲ್ಲ. ಹೆಚ್ಚಿನ ಸಲ ಫೈಲುಗಳೆಲ್ಲ ಇದ್ದಲ್ಲೇ ಇರುತ್ತವೆ. ಹಿಂಬಾಗಿಲಿಂದ ಒಳಗೆ ಹೋದರೆ ಆಯ್ತು.

ಆ ಬಾಗಿಲು ಕಂಟ್ರೋಲ್, ಆಲ್ಟ್, ಎಫ್3 ಕೀಗಳು. ಮೂರನ್ನೂ ಒಟ್ಟಿಗೆ ಒತ್ತಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಜೊತೆಗೆ ಎಫ್‌ಎನ್ ಕೀ ಕೂಡ ಬೇಕು. ಕಪ್ಪು ಪರದೆಯಲ್ಲಿ ‘ಲಾಗಿನ್’ ಅಂತ ಬರುತ್ತದೆ. ಹೆಸರು, ಪಾಸ್‌ವರ್ಡ್ ಕೊಡಿ. ಪಾಸ್‌ವರ್ಡ್ ಒತ್ತುವಾಗ ಚುಕ್ಕಿಯೂ ಕಾಣಿಸುವುದಿಲ್ಲ, ಗಾಬರಿ ಬೇಡ. ಮುಂದಿನ ಆದೇಶಗಳನ್ನೆಲ್ಲ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಟೈಪ್ ಮಾಡಿ.

ಮೊದಲು ಡಿಸ್ಕ್ ತುಂಬಿದೆಯಾ ನೋಡಿ. ಇದನ್ನೇ ಜನ ಕೊನೆಗೆ ನೋಡುತ್ತಾರೆ! ‘ಡಿಎಫ್’ ಅಂತ ಬರೆದು, ಜಾಗ ಬಿಟ್ಟು, ‘-ಎಚ್’ ಸೇರಿಸಿ ಎಂಟರ್ ಒತ್ತಿ. ಸಾಲಿನ ಕೊನೆಯಲ್ಲಿ ಬರೀ ಒಂದು ಓರೆಗೆರೆ ಇರುವ ಸಾಲನ್ನು ಹುಡುಕಿ. ಚಿಕ್ಕಮ್ಮನ ಲ್ಯಾಪ್‌ಟಾಪಿನಲ್ಲಿ ಅಲ್ಲಿ 100% ಅಂತಿತ್ತು. ಡೆಸ್ಕ್‌ಟಾಪ್ ಏಳುವಾಗ ಕೆಲವು ಚಿಕ್ಕ ಫೈಲುಗಳನ್ನು ಬರೆಯಬೇಕು. ಬರೆಯಲು ಜಾಗವಿಲ್ಲ, ಅದಕ್ಕೇ ಬಿದ್ದುಹೋಗಿ ವಾಪಸ್ ಪಾಸ್‌ವರ್ಡ್ ಕೇಳುತ್ತಿತ್ತು. ಉಬುಂಟು ಸಾಮಾನ್ಯವಾಗಿ ಬಳಸುವ ಇಎಕ್ಸ್‌ಟಿ4 ಮಾದರಿಯ ಡಿಸ್ಕಿನಲ್ಲಿ 5% ಜಾಗವನ್ನು ರೂಟ್ ಬಳಕೆದಾರನಿಗೆ, ಅಂದರೆ ಸಿಸ್ಟಮ್ಮಿನ ಯಜಮಾನನಿಗೆ ಅಂತ ಮೊದಲೇ ತೆಗೆದಿಟ್ಟಿರುತ್ತಾರೆ. ಹಾಗಾಗಿ ಇಷ್ಟಾದರೂ ಆದೇಶದ ಮುಂದೆ ‘ಸುಡೊ’ (ಎಸ್, ಯು, ಡಿ, ಒ) ಹಾಕಿ, ರೂಟ್ ಅಧಿಕಾರದಲ್ಲಿ ಕೆಲಸ ಮಾಡಬಹುದು. ನನಗೆ ತುಂಬಾ ಇಷ್ಟವಾದ ಮುಂದಾಲೋಚನೆ ಇದು.

‘ಸುಡೊ ಆಪ್ಟ್ ಕ್ಲೀನ್’ ಕೊಟ್ಟರೆ ಇಳಿಸಿಕೊಂಡಿದ್ದ ಹಳೇ ಪ್ಯಾಕೇಜುಗಳು ಹೋಗುತ್ತವೆ. ಆಪ್ಟ್ ಅಂದರೆ ಎ, ಪಿ, ಟಿ. ‘ಸುಡೊ ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=100ಎಂ’ ಕೊಟ್ಟರೆ ಹಳೇ ಲಾಗ್‌ಗಳು, ಅಂದರೆ ಸಿಸ್ಟಮ್ ಬರೆದಿಟ್ಟ ದಿನಚರಿ, ಹೋಗುತ್ತವೆ. ಇಲ್ಲಿ ಎಂ ಮಾತ್ರ ದೊಡ್ಡಕ್ಷರ. ಚಿಕ್ಕಮ್ಮನಿಗೆ ಇಷ್ಟರಲ್ಲೇ 2 ಜಿಬಿ ಖಾಲಿಯಾಯ್ತು. ‘ಸುಡೊ ರೀಬೂಟ್’ ಅಂದೆವು, ಡೆಸ್ಕ್‌ಟಾಪ್ ಬಂತು.

ಜಾಗ ಬೇಕಾದಷ್ಟಿದ್ದೂ ಹೀಗೇ ಸುತ್ತು ಹೊಡೆಯುತ್ತಿದ್ದರೆ ಲಿನಕ್ಸ್ ಮಿಂಟ್, ಕ್ಸುಬುಂಟು ಅನ್ನುವ ಬೇರೆ ಲಿನಕ್ಸ್‌ಗಳನ್ನು ಬಳಸುವವರು ಇನ್ನೊಂದನ್ನು ನೋಡಬೇಕು. ‘ಎಲ್‌ಎಸ್ -ಎಲ್‌ಎ’ ಕೊಟ್ಟಾಗ ‘.ಎಕ್ಸ್‌ಅಥಾರಿಟಿ’ ಅನ್ನುವ ಫೈಲಿನ ಎದುರು ನಿಮ್ಮ ಹೆಸರಿನ ಬದಲು ‘ರೂಟ್’ ಅಂತಿದೆಯಾ? ಯಾವಾಗಲೋ ಡೆಸ್ಕ್‌ಟಾಪನ್ನೋ ಕಿಟಕಿಯಿರುವ ಪ್ರೋಗ್ರಾಮನ್ನೋ ‘ಸುಡೊ’ ಹಾಕಿ ತೆರೆದಿದ್ದರೆ ಹೀಗಾಗುತ್ತದೆ. ‘ಎಂವಿ’ ಅಂತ ಬರೆದು, ಜಾಗ ಬಿಟ್ಟು ಹಳೇ ಹೆಸರು, ಮತ್ತೆ ಜಾಗ ಬಿಟ್ಟು ಹೊಸ ಹೆಸರು ಕೊಟ್ಟು ಆ ಫೈಲಿನ ಹೆಸರು ಬದಲಿಸಿ. ಅದರಲ್ಲಿ ಎಕ್ಸ್ ದೊಡ್ಡಕ್ಷರ ಅನ್ನೋದು ನೆನಪಿರಲಿ. ಮುಂದಿನ ಲಾಗಿನ್‌ನಲ್ಲಿ ಹೊಸ ಫೈಲ್ ತಾನಾಗೇ ಹುಟ್ಟುತ್ತದೆ.

ಅಪ್‌ಡೇಟ್ ಮಧ್ಯೆ ಕರೆಂಟ್ ಹೋಗಿ ಹೀಗಾಗಿದ್ದರೆ ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’, ಆಮೇಲೆ ‘ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’. ಅರ್ಧಕ್ಕೆ ನಿಂತ ಕೆಲಸ ಇಲ್ಲಿಂದ ಮುಂದುವರಿಯುತ್ತದೆ.

ಪಾಸ್‌ವರ್ಡ್ ಕೇಳುವ ಪುಟವೇ ಬರದೆ ಪರದೆ ಪೂರ್ತಿ ಕಪ್ಪಾಗಿದೆಯಾ? ಆಗ ನನ್ನ ಮೊದಲ ಅನುಮಾನ ಗ್ರಾಫಿಕ್ಸ್ ಡ್ರೈವರ್ ಮೇಲೆ. ಎನ್ವಿಡಿಯಾ ಕಾರ್ಡ್ ಇದ್ದರಂತೂ ಜಾಸ್ತಿ. ಕಂಪ್ಯೂಟರ್ ಆನ್ ಆಗುತ್ತಿದ್ದಂತೆ ಎಸ್ಕೇಪ್ ಒತ್ತಿ. ಹಳೇ ಯಂತ್ರವಾದರೆ ಶಿಫ್ಟ್ ಹಿಡಿದುಕೊಳ್ಳಿ. ಗ್ರಬ್ ಮೆನು (ಸಿಸ್ಟಮ್ ಶುರುವಾಗುವ ಮುಂಚಿನ ಆಯ್ಕೆಗಳ ಪಟ್ಟಿ) ಬಂದಾಗ ‘ಇ’ ಕೀ ಒತ್ತಿ. ‘ಲಿನಕ್ಸ್’ ಅಂತ ಶುರುವಾಗುವ ಸಾಲಿನ ತುದಿಗೆ ಹೋಗಿ, ಜಾಗ ಬಿಟ್ಟು ‘ನೋಮೋಡ್‌ಸೆಟ್’ ಅಂತ ಸೇರಿಸಿ, ಎಫ್10 ಒತ್ತಿ. ಈ ಬದಲಾವಣೆ ಆ ಒಂದು ಸಲಕ್ಕೆ ಮಾತ್ರ, ಹಾಗಾಗಿ ಧೈರ್ಯವಾಗಿ ಮಾಡಿ. ಡೆಸ್ಕ್‌ಟಾಪ್ ಸ್ವಲ್ಪ ದಪ್ಪದಪ್ಪ ಅಕ್ಷರಗಳಲ್ಲಿ ಬಂದರೂ ಪರವಾಗಿಲ್ಲ. ಒಳಗೆ ಹೋಗಿ ‘ಅಡಿಷನಲ್ ಡ್ರೈವರ್ಸ್’ ತೆರೆದು, ಬೇರೆ ಡ್ರೈವರ್ ಆರಿಸಿ, ರೀಬೂಟ್ ಮಾಡಿ. ಅಪ್‌ಡೇಟ್‌ನಲ್ಲಿ ಹೊಸ ಕರ್ನಲ್ (ಸಿಸ್ಟಮ್ಮಿನ ತಿರುಳು) ಬಂದ ಮೇಲೆ ಕೆಟ್ಟಿದ್ದರೆ ಅದೇ ಮೆನುವಿನ ‘ಅಡ್ವಾನ್ಸ್ಡ್ ಆಪ್ಷನ್ಸ್’ನಲ್ಲಿ ಹಿಂದಿನ ಕರ್ನಲ್ ಇರುತ್ತದೆ, ಅದರಲ್ಲಿ ಹೋಗಿ ನೋಡಿ.

ಇಷ್ಟಕ್ಕೂ ಬಗ್ಗದಿದ್ದರೆ ‘ಜರ್ನಲ್‌ಸಿಟಿಎಲ್ -ಬಿ -ಪಿ ಇಆರ್‌ಆರ್’ ಕೊಡಿ. ಈ ಸಲ ಆನ್ ಮಾಡಿದ ಮೇಲಿನ ದೋಷಗಳನ್ನು ಅದು ತೋರಿಸುತ್ತದೆ. ಸುಮ್ನೆ ‘ಡೆಸ್ಕ್‌ಟಾಪ್ ಬರ್ತಿಲ್ಲ’ ಅಂತ ಕೇಳುವ ಬದಲು ಆ ಪರದೆಯ ಫೋಟೊ ತೆಗೆದು ಗೊತ್ತಿರುವವರಿಗೆ ಕಳಿಸಿ. ಅವರು ಉತ್ತರ ಕೊಡುವಷ್ಟರಲ್ಲಿ ಉಬುಂಟು ಇರುವ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ‘ಟ್ರೈ ಉಬುಂಟು’ ಆರಿಸಿ, ಫೋಟೊಗಳನ್ನೆಲ್ಲ ಹೊರಗಿನ ಡಿಸ್ಕಿಗೆ ಕಾಪಿ ಮಾಡಿಟ್ಟುಕೊಳ್ಳಿ. ಚಿಕ್ಕಮ್ಮ ಈಗ ತಿಂಗಳಿಗೊಮ್ಮೆ ಹೀಗೆ ಕಾಪಿ ಮಾಡುತ್ತಾರೆ. ‘ಡಿಎಫ್’ ಕೂಡ ತಾವೇ ಹಾಕಿ ನೋಡುತ್ತಾರೆ.