ಒಂದು ಸಲಕ್ಕೆ ಒಂದೇ ಬದಲಾವಣೆ: ಭೋಸರಿಯ ಮೋಲ್ಡಿಂಗ್ ಕೆಲಸದಲ್ಲಿ ನನ್ನ ಅನುಭವ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಗಳಲ್ಲಿ ಪ್ಲಾಸ್ಟಿಕ್ ಇಂಜೆಕ್ಷನ್ ಮೋಲ್ಡಿಂಗ್, ಅಂದರೆ ಕರಗಿಸಿದ ಪ್ಲಾಸ್ಟಿಕ್ಕನ್ನು ಒತ್ತಡದಿಂದ ಅಚ್ಚಿಗೆ ತುಂಬಿ ವಸ್ತು ತೆಗೆಯುವ ಕೆಲಸ, ಮಾಡುತ್ತಲೇ ನನ್ನ ದುಡಿಮೆಯ ಬಹುಪಾಲು ಕಳೆದಿದೆ. ನಮ್ಮಲ್ಲಿ ಹೊಸ ಮೋಲ್ಡ್ (ಅಚ್ಚು) ಬಂದರೆ ಅದು ನೇರವಾಗಿ ಉತ್ಪಾದನೆಗೆ ಹೋಗುವುದಿಲ್ಲ, ಮೊದಲು ಟ್ರಯಲ್ ಆಗಬೇಕು. ಮೋಲ್ಡನ್ನು ಮಷಿನ್‌ಗೆ ಏರಿಸಿ, ಹಾಪರ್ ಎಂಬ ಆಲಿಕೆಗೆ ದಾಣಾ (ಪ್ಲಾಸ್ಟಿಕ್ ಕಾಳು) ಸುರಿದು, ಅದನ್ನು ಬ್ಯಾರಲ್ ಎಂಬ ಬಿಸಿ ಕೊಳವೆಯಲ್ಲಿ ಕರಗಿಸಿ, ತಾಪಮಾನ, ಒತ್ತಡ, ವೇಗ, ತಣಿಯುವ ಸಮಯ ಎಲ್ಲವನ್ನೂ ಹೊಂದಿಸುತ್ತ, ಒಪ್ಪುವಂಥ ತುಣುಕು ಬರುವ ತನಕ ಅಲ್ಲೇ ನಿಲ್ಲುವುದು ನನ್ನ ಕೆಲಸ. ದೂರದಿಂದ ನೋಡಿದವರು ‘ಮಾಡಿ ನೋಡುವುದು, ಕೆಟ್ಟರೆ ಮತ್ತೆ ಮಾಡುವುದು, ಇಷ್ಟೇ ತಾನೆ’ ಎನ್ನುತ್ತಾರೆ. ಅಷ್ಟೇ ಆಗಿದ್ದರೆ ಮೋಲ್ಡ್ ಮುಂದೆ ತಿಂಗಳುಗಟ್ಟಲೆ ನಿಂತರೂ ಏನೂ ಕಲಿಯಲಾಗುತ್ತಿರಲಿಲ್ಲ.

ಅಮೆರಿಕದ ಮನಃಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಪ್ರಕಟಿಸಿದ ಬೆಕ್ಕಿನ ಪ್ರಯೋಗಗಳನ್ನು ಬಿ.ಎಡ್. ಓದಿದವರೆಲ್ಲ ಬಲ್ಲರು. ಪೆಟ್ಟಿಗೆಯೊಳಗೆ ಸಿಕ್ಕಿದ ಹಸಿದ ಬೆಕ್ಕು ಕಚ್ಚಿ, ಪರಚಿ, ಏನೇನೋ ಮಾಡಿ, ಆಕಸ್ಮಿಕವಾಗಿ ಬಾಗಿಲು ತೆರೆಯುವ ಕೆಲಸವನ್ನು ಮಾಡಿಬಿಡುತ್ತದೆ. ಮತ್ತೆ ಮತ್ತೆ ಒಳಗೆ ಬಿಟ್ಟರೆ ಹೊರಬರುವ ಸಮಯ ನಿಧಾನವಾಗಿ ಕಡಿಮೆಯಾಗುತ್ತದೆ. ಆದರೆ ಬಾಗಿಲು ಏಕೆ ತೆರೆಯಿತು ಎಂಬುದು ಬೆಕ್ಕಿಗೆ ಬೇಕಿಲ್ಲ. ನಮಗೆ ಬೇಕು. ಇವತ್ತು ಸರಿಬಂದ ತುಣುಕು ನಾಳೆ ರಾತ್ರಿ ಪಾಳಿಯಲ್ಲಿ, ಬೇರೊಬ್ಬರ ಕೈಯಲ್ಲಿಯೂ ಸರಿಬರಬೇಕಲ್ಲ.

ಒಂದು ಡಬ್ಬಿಯ ಮುಚ್ಚಳದ ಟ್ರಯಲ್ ಹೇಳುತ್ತೇನೆ. ಮಾಲು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ಮುಚ್ಚಳದ ಒಳಮೈಗೆ ಗಟ್ಟಿತನ ಬರಲೆಂದು ರಿಬ್ (ಉಬ್ಬಿದ ಪಟ್ಟಿ) ಕೊಟ್ಟಿದ್ದರು. ಸರಿಯಾಗಿ ಅದರ ಮೇಲೆ, ಹೊರಮೈಯಲ್ಲಿ, ಬೆರಳಿಗೆ ತಗಲುವಷ್ಟು ತಗ್ಗು. ಇದಕ್ಕೆ ಸಿಂಕ್ ಮಾರ್ಕ್ ಎನ್ನುತ್ತೇವೆ. ರಿಬ್ ಸೇರುವ ಜಾಗ ದಪ್ಪವಿರುವುದರಿಂದ ಕೊನೆಗೆ ತಣಿಯುತ್ತದೆ. ತಣಿಯುವಾಗ ಕುಗ್ಗಿ ಮೇಲ್ಮೈಯನ್ನು ಒಳಗೆ ಎಳೆದುಕೊಳ್ಳುತ್ತದೆ.

ಜೊತೆಗಿದ್ದ ಕಲಬುರಗಿ ಕಡೆಯ ಹುಡುಗ, “ಅಣ್ಣಾ, ಪ್ರೆಷರ್ ಏರಿಸಿ, ಹಾಗೆಯೇ ಬ್ಯಾರಲ್ ಟೆಂಪರೇಚರನ್ನೂ ಇಳಿಸಿಬಿಡೋಣ” ಎಂದ.

“ಎರಡನ್ನೂ ಒಟ್ಟಿಗೆ ತಿರುಗಿಸಿದರೆ, ಯಾವುದರಿಂದ ಸರಿಹೋಯಿತು ಎಂದು ನಾಳೆ ಯಾರನ್ನು ಕೇಳುತ್ತೀಯಪ್ಪ?” ಎಂದೆ.

ಒತ್ತಡವನ್ನಷ್ಟೇ ಏರಿಸಿದೆವು. ತಗ್ಗು ಸ್ವಲ್ಪ ಕಡಿಮೆಯಾಯಿತು, ಆದರೆ ಮುಚ್ಚಳದ ಅಂಚಿನಲ್ಲಿ ಕಾಗದದಷ್ಟು ತೆಳುವಾದ ಫ್ಲ್ಯಾಶ್, ಅಂದರೆ ಹೊರಗೆ ಚೆಲ್ಲಿದ ಪ್ಲಾಸ್ಟಿಕ್ ಪದರ, ಎದ್ದಿತು. ಒಂದನ್ನು ಸರಿಮಾಡಲು ಹೋದರೆ ಇನ್ನೊಂದು ಕೆಡುತ್ತಿತ್ತು. ಒತ್ತಡವನ್ನು ಮೊದಲಿದ್ದಲ್ಲಿಗೇ ಇಳಿಸಿದೆ. ಬಹಳ ಜನ ಬಿಟ್ಟುಬಿಡುವುದು ಈ ಹಿಂದಿರುಗುವ ಹೆಜ್ಜೆಯನ್ನೇ. ಫಲ ಕೊಡದ ಬದಲಾವಣೆಯನ್ನು ಹಾಗೆಯೇ ಬಿಟ್ಟು ಅದರ ಮೇಲೆ ಇನ್ನೊಂದನ್ನು ಹೇರುತ್ತ ಹೋದರೆ, ಸಂಜೆಯ ಹೊತ್ತಿಗೆ ಎಲ್ಲಿಂದ ಹೊರಟೆವು ಎಂಬುದೇ ತಿಳಿಯುವುದಿಲ್ಲ.

ಆಮೇಲೆ ಹಿಡಿದದ್ದು ಹೋಲ್ಡಿಂಗ್ ಸಮಯವನ್ನು. ಮೋಲ್ಡ್ ತುಂಬಿದ ಮೇಲೂ ಕೆಲವು ಸೆಕೆಂಡು ಒತ್ತಡ ಮುಂದುವರಿಸಿದರೆ, ಕುಗ್ಗಿದಷ್ಟು ಜಾಗಕ್ಕೆ ಇನ್ನಷ್ಟು ಪ್ಲಾಸ್ಟಿಕ್ ಹೋಗಿ ಕೂರುತ್ತದೆ. ಅದು ಹೋಗುವ ಕಿರಿದಾದ ದಾರಿಯೇ ಗೇಟ್. ಗೇಟ್ ಗಟ್ಟಿಯಾಯಿತೆಂದರೆ ಆಮೇಲೆ ಎಷ್ಟು ಹೊತ್ತು ಒತ್ತಿದರೂ ವ್ಯರ್ಥ. ಅದು ಯಾವಾಗ ಗಟ್ಟಿಯಾಗುತ್ತದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ, ತಕ್ಕಡಿಗೆ ಕಾಣುತ್ತದೆ. ಹೋಲ್ಡಿಂಗ್ ಸಮಯವನ್ನು ಅರ್ಧರ್ಧ ಸೆಕೆಂಡು ಏರಿಸುತ್ತ, ಪ್ರತಿ ಸಲವೂ ರನ್ನರ್ (ಪ್ಲಾಸ್ಟಿಕ್ ಗೇಟ್‌ವರೆಗೆ ಹರಿದ ದಾರಿಯಲ್ಲಿ ಗಟ್ಟಿಯಾದ ಕಡ್ಡಿ) ಕತ್ತರಿಸಿ ಮುಚ್ಚಳವನ್ನಷ್ಟೇ ಡಿಜಿಟಲ್ ತಕ್ಕಡಿಯಲ್ಲಿಟ್ಟೆವು. ತೂಕ ಸ್ವಲ್ಪ ಸ್ವಲ್ಪವೇ ಏರುತ್ತ ಬಂದು ಒಂದು ಹಂತದಲ್ಲಿ ನಿಂತಿತು; ಇನ್ನೂ ಅರ್ಧ ಸೆಕೆಂಡು ಕೊಟ್ಟರೂ ಅಷ್ಟೇ. ಗೇಟ್ ಮುಚ್ಚುವ ಹೊತ್ತು ಅದು. ಸಮಯವನ್ನು ಅದಕ್ಕಿಂತ ತುಸು ಹೆಚ್ಚಿಗೆ ಇಟ್ಟು ನಿಲ್ಲಿಸಿದೆವು. ಒತ್ತಡ ಏರಿಸದೆಯೇ ತಗ್ಗು ಹೋಯಿತು, ಫ್ಲ್ಯಾಶ್ ಬರಲೇ ಇಲ್ಲ. ಆ ಹುಡುಗ ಮುಚ್ಚಳವನ್ನು ಬೆಳಕಿಗೆ ಹಿಡಿದು ಹೊರಳಿಸಿ ಹೊರಳಿಸಿ ನೋಡಿದ. ನನಗೆ ಆದ ಸಂತೋಷವೂ ಅವನದಕ್ಕಿಂತ ಕಡಿಮೆಯದೇನಲ್ಲ.

ಕಾಯುವುದೂ ಈ ಕೆಲಸದ ಭಾಗ. ಬ್ಯಾರಲ್ ತಾಪಮಾನ ಬದಲಿಸಿದರೆ ಅದರ ಪರಿಣಾಮ ಮುಂದಿನ ಶಾಟ್‌ನಲ್ಲೇ (ಮೋಲ್ಡನ್ನು ಒಂದು ಸಲ ತುಂಬಿ ತೆಗೆಯುವುದು ಒಂದು ಶಾಟ್) ಕಾಣುವುದಿಲ್ಲ. ಒಳಗಿರುವ ಹಳೆಯ ಮಾಲು ಹೊರಬಂದು, ಶಾಟ್‌ಗಳು ಒಂದರಂತೆ ಒಂದು ಬರತೊಡಗಿದ ಮೇಲೆಯೇ ತೀರ್ಪು. ಕೆಟ್ಟ ತುಣುಕುಗಳನ್ನು ಕೂಡಲೇ ಗ್ರೈಂಡರ್‌ಗೆ ಹಾಕಲು ನಾನು ಬಿಡುವುದಿಲ್ಲ. ಮಾರ್ಕರ್‌ನಿಂದ ಸೆಟ್ಟಿಂಗ್ ಬರೆದು ಸಾಲಾಗಿ ಇಡುತ್ತೇನೆ. ಒಳ್ಳೆಯ ತುಣುಕು ಒಂದೇ ಸುದ್ದಿ ಹೇಳುತ್ತದೆ. ಕೆಟ್ಟವು ದೋಷ ಯಾವ ಕಡೆಗೆ ಸರಿಯುತ್ತಿದೆ ಎಂಬುದನ್ನು ತೋರಿಸುತ್ತವೆ.

ಮಳೆಗಾಲದಲ್ಲಿ ನೈಲಾನ್ ಕೆಲಸ ಇನ್ನೊಂದು ಬಗೆಯದು. ನೈಲಾನ್ ಗಾಳಿಯ ತೇವವನ್ನು ಹೀರುತ್ತದೆ. ಒಣಗಿಸದೆ ಹಾಕಿದರೆ ಬ್ಯಾರಲ್‌ನ ಬಿಸಿಗೆ ಆ ತೇವ ಆವಿಯಾಗಿ ತುಣುಕಿನ ಮೇಲೆ ಬೆಳ್ಳಿ ಗೆರೆಗಳು ಮೂಡುತ್ತವೆ. ಆದರೆ ಮಾಲು ಅತಿಯಾಗಿ ಕಾದರೂ ಅಂಥವೇ ಗೆರೆಗಳು ಬರಬಹುದು. ಆಗ ಯಾವ ಸೆಟ್ಟಿಂಗನ್ನೂ ಮುಟ್ಟದೆ, ಸುಮಾರು 80 ಡಿಗ್ರಿಯಲ್ಲಿ ನಾಲ್ಕಾರು ಗಂಟೆ ಒಣಗಿಸಿದ ದಾಣಾವನ್ನಷ್ಟೇ ಹಾಕಿ ನೋಡುತ್ತೇನೆ. ಗೆರೆ ಹೋದರೆ ತೇವ, ಉಳಿದರೆ ಹುಡುಕಾಟ ಬ್ಯಾರಲ್ ಕಡೆಗೆ. ಮನೆಯಲ್ಲಿ ಟ್ಯೂಬ್‌ಲೈಟ್ ಹತ್ತದಿದ್ದಾಗ ಮೊದಲು ಸ್ಟಾರ್ಟರ್ ಬದಲಿಸಿ, ಆಮೇಲೆ ಟ್ಯೂಬ್, ಕೊನೆಗೆ ಚೋಕ್ ನೋಡುತ್ತಿದ್ದೆವಲ್ಲ, ಅದೇ ಕ್ರಮ: ಅಗ್ಗದ್ದು, ಸುಲಭದ್ದು ಮೊದಲು.

ಒಂದೊಂದಾಗಿ ಬದಲಿಸುವ ಪದ್ಧತಿಗೂ ಒಂದು ಮಿತಿಯಿದೆ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ 1919ರಲ್ಲಿ ಸೇರಿದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್, ಹಲವು ಅಂಶಗಳನ್ನು ಯೋಜನೆ ಹಾಕಿ ಒಟ್ಟಿಗೆ ಬದಲಿಸಬೇಕು, ಇಲ್ಲದಿದ್ದರೆ ಒಂದರ ಮೇಲೊಂದು ಬೀರುವ ಪ್ರಭಾವ ತಿಳಿಯುವುದಿಲ್ಲ ಎಂದು ವಾದಿಸಿದರು. ಅದು ನಿಜ. ಮಾಲಿನ ಬಿಸಿ ಮತ್ತು ತುಂಬುವ ವೇಗ ನಮ್ಮಲ್ಲಿ ಅಂಥ ಜೋಡಿ: ಬಿಸಿ ಕಡಿಮೆಯಿದ್ದಾಗ ಮೋಲ್ಡ್ ತುಂಬಿಸಲು ಬೇಕಾಗುವ ವೇಗ, ಬಿಸಿ ಹೆಚ್ಚಿದ್ದಾಗ ತುಣುಕನ್ನು ಸುಟ್ಟುಬಿಡಬಹುದು. ಇಂಥ ಕಡೆ ಎರಡು ತಾಪಮಾನ, ಎರಡು ವೇಗ ಇಟ್ಟುಕೊಂಡು ನಾಲ್ಕೂ ಜೋಡಿಗಳನ್ನು ನೋಡುತ್ತೇನೆ. ಉಳಿದ ದಿನಗಳಲ್ಲಿ ಒಂದೊಂದೇ ಸಾಕು.

ಕೆಲವನ್ನು ಮಾಡಿ ನೋಡುವ ಹಾಗೆಯೇ ಇಲ್ಲ. ಅಸಿಟಾಲ್ ಎಂಬ ಪ್ಲಾಸ್ಟಿಕ್ ಅತಿಯಾಗಿ ಕಾದರೆ ಫಾರ್ಮಾಲ್ಡಿಹೈಡ್ ಎಂಬ ವಿಷಾನಿಲ ಬಿಡುತ್ತದೆ. ಬ್ಯಾರಲ್‌ನಲ್ಲಿ ಪಿವಿಸಿಯೊಂದಿಗೆ ಸೇರಿದರೆ ಇನ್ನೂ ಅಪಾಯ. ಅಲ್ಲಿ ಮಾಲು ತಯಾರಿಸಿದವರು ಕೊಟ್ಟ ತಾಪಮಾನವೇ ಕಡೆಯ ಮಾತು. ಪಿವಿಸಿ ಓಡಿದ ಮಷಿನ್‌ಗೆ ಅಸಿಟಾಲ್ ಹಾಕುವ ಮೊದಲು ನಡುವೆ ಬೇರೆ ಮಾಲು ಓಡಿಸಿ ಬ್ಯಾರಲ್ ಪೂರ್ತಿ ತೊಳೆಯಿಸುತ್ತೇನೆ, ಎಷ್ಟೇ ಅವಸರವಿದ್ದರೂ.