ಟ್ರಂಕಿನಲ್ಲಿ ಸಿಕ್ಕ ಸಿಪಾಯಿ ಫೋಟೊ ಓದುವುದು ಹೇಗೆ?

ಕಾರವಾರ, ಅಂಕೋಲಾ, ಶಿರಸಿ ಕಡೆಯ ಹಳೇ ಮನೆಗಳ ಟ್ರಂಕು ತೆಗೆದರೆ ಕೆಲವೊಮ್ಮೆ ಅಂಗೈ ಅಗಲದ ಫೋಟೊ ಒಂದು ಸಿಗುತ್ತದೆ. ಮಿಲಿಟರಿ ಡ್ರೆಸ್ಸಿನ ಹುಡುಗ, ಪಕ್ಕದಲ್ಲೊಂದು ಕುರ್ಚಿ, ಹಿಂದೆ ಚಿತ್ರ ಬರೆದ ಪರದೆ. 'ಅಜ್ಜನ ತಮ್ಮನಂತೆ' ಅನ್ನುವುದು ಬಿಟ್ಟರೆ ಮನೆಯಲ್ಲಿ ಯಾರಿಗೂ ಜಾಸ್ತಿ ಗೊತ್ತಿರುವುದಿಲ್ಲ. ಕೂಡಲೇ ಬಣ್ಣ ತುಂಬಿಸಿ, ದೊಡ್ಡದು ಮಾಡಿಸಿ ಗೋಡೆಗೆ ಹಾಕುವ ಅವಸರ ಬೇಡ. ಮೊದಲು ಅದನ್ನು ಓದಿ.

ಅಳತೆಯಿಂದ ಶುರು ಮಾಡಿ. ಮೂರೂವರೆ ಇಂಚು ಅಗಲ, ಐದೂವರೆ ಇಂಚು ಉದ್ದ ಇದ್ದರೆ ಅದು ಬಹುಶಃ ಪೋಸ್ಟ್‌ಕಾರ್ಡ್ ಫೋಟೊ. ಆಗೆಲ್ಲ ಹಿಂಬದಿಯಲ್ಲಿ ವಿಳಾಸದ ಜಾಗ ಅಚ್ಚು ಹಾಕಿದ ಫೋಟೊ ಕಾಗದವೇ ಸಿಗುತ್ತಿತ್ತು. ಸ್ಟುಡಿಯೊದವರು ಅದರ ಮೇಲೇ ಪ್ರಿಂಟ್ ಹಾಕಿ ಕೊಡುತ್ತಿದ್ದರು.

ಹಾಗಾಗಿ ಹಿಂಬದಿ ನೋಡದೆ ಬಿಡಬೇಡಿ. ಸ್ಟುಡಿಯೊ ಸೀಲು ಇರಬಹುದು. ಅಂಚೆಯಲ್ಲಿ ಬಂದ ಕಾರ್ಡಾದರೆ ಫೀಲ್ಡ್ ಪೋಸ್ಟ್ ಆಫೀಸಿನ, ಅಂದರೆ ಸೇನೆಯ ಅಂಚೆ ಕಚೇರಿಯ ನಂಬರ್ ಇರಬಹುದು. ಸೆನ್ಸಾರ್ ಕಾರಣಕ್ಕೆ ಸಿಪಾಯಿ ತಾನಿರುವ ಊರಿನ ಹೆಸರು ಬರೆಯುವಂತಿರಲಿಲ್ಲ. ಈ ನಂಬರ್ ಹಿಡಿದೇ ಜಾಡು ಹುಡುಕಬೇಕು. ಪೆನ್ಸಿಲ್ ಬರಹ ಅಳಿಸಿಹೋಗಿದೆಯೇ? ಕೋಣೆ ಕತ್ತಲು ಮಾಡಿ, ಟಾರ್ಚನ್ನು ಕಾರ್ಡಿನ ಪಕ್ಕದಿಂದ ಅಡ್ಡಡ್ಡ ಹಿಡಿಯಿರಿ. ಪೆನ್ಸಿಲ್ ಒತ್ತಿದ ಗುರುತು ಎದ್ದು ಕಾಣುತ್ತದೆ. ಫೋಟೊ ಫ್ರೇಮಿನ ಗಾಜಿಗೆ ಅಂಟಿಕೊಂಡಿದ್ದರೆ ಮಾತ್ರ ಕೀಳಲೇಬೇಡಿ, ಮುಖವೇ ಕಿತ್ತು ಬರುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿದರಾಯ್ತು.

ಎರಡೂ ಬದಿಯನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಆಮೇಲೆ ಟೋಪಿಯ ಬ್ಯಾಡ್ಜ್, ಭುಜದ ಅಕ್ಷರ, ತೋಳಿನ ಪಟ್ಟಿ ದೊಡ್ಡದು ಮಾಡಿ ನೋಡಿ. ಬ್ಯಾಡ್ಜಿನಲ್ಲಿ ಬ್ರಿಟಿಷ್ ಕಿರೀಟ ಇದ್ದರೆ ಸಾಮಾನ್ಯವಾಗಿ 1950ರ ಜನವರಿ 26ಕ್ಕಿಂತ ಹಿಂದಿನದು. ಅಶೋಕ ಸಿಂಹ ಬಂದದ್ದು ಆಮೇಲೆ. ತೋಳಿನಲ್ಲಿ ಎರಡು ಪಟ್ಟಿ ಇದ್ದರೆ ನಾಯಕ್, ಮೂರಿದ್ದರೆ ಹವಾಲ್ದಾರ್. ಪದಕ ಸಿಪಾಯಿಯ ಎಡ ಎದೆಗೆ, ಅಂದರೆ ಫೋಟೊ ನೋಡುವ ನಮಗೆ ಬಲಗಡೆ ಇರಬೇಕು. ಅವನ ಬಲ ಎದೆಯಲ್ಲಿ ಕಂಡರೆ ಭುಜದ ಅಕ್ಷರ ನೋಡಿ. ಅದೂ ಉಲ್ಟಾ ಇದ್ದರೆ ನೆಗೆಟಿವ್ ತಿರುಗಿಸಿ ಪ್ರಿಂಟ್ ಹಾಕಿದ್ದಾರೆ ಅಂತಲೇ ಅರ್ಥ.

ಈಗ ಬಣ್ಣದ ವಿಷಯ. ಆ ಕಾಲದಲ್ಲಿ ಫಿಲ್ಮಿನ ಬದಲು ಬಳಸುತ್ತಿದ್ದ ಎಷ್ಟೋ ಗಾಜಿನ ಪ್ಲೇಟುಗಳಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಕೆಂಪು ಕಪ್ಪಾಗಿ, ತಿಳಿ ನೀಲಿ ಬೆಳ್ಳಗಾಗಿ ಬೀಳುತ್ತಿತ್ತು. ಪದಕದ ರಿಬ್ಬನ್ನಿಗೆ ಕಂಪ್ಯೂಟರ್ ತುಂಬುವ ಬಣ್ಣ ಸುಮ್ನೆ ಊಹೆ. ನೋಡಲು ಚೆಂದ, ಆದರೆ ಅದನ್ನು ನಂಬಿ ಪದಕ ಗುರುತಿಸಲು ಹೋಗಬೇಡಿ.

ಪರದೆಯನ್ನೂ ಸರಿಯಾಗಿ ನೋಡಿ. ಫ್ರಾನ್ಸಿನ ವಿನ್ಯಕೂರ್ ಎಂಬ ಹಳ್ಳಿಯಲ್ಲಿ ಲೂಯಿ, ಆಂಟ್ವಾನೆಟ್ ಥೂಲಿಯೆ ಎಂಬ ಗಂಡ ಹೆಂಡತಿ ಮೊದಲ ಮಹಾಯುದ್ಧದ ಸಿಪಾಯಿಗಳಿಗೆ ಇಂಥ ಪೋಸ್ಟ್‌ಕಾರ್ಡ್ ಫೋಟೊ ತೆಗೆದುಕೊಡುತ್ತಿದ್ದರು. ಅವರ ಸಾವಿರಾರು ಗಾಜಿನ ನೆಗೆಟಿವ್ 2011ರಲ್ಲಿ ಅಟ್ಟದ ಮೇಲೆ ಸಿಕ್ಕವು. ಬೇರೆಲ್ಲೋ ಇರುವ ಫೋಟೊ ಇವರದೇ ಎಂದು ಹೇಳಲು ಹಿಂದಿನ ಆ ಪರದೆಯೇ ಒಳ್ಳೆಯ ಸುಳಿವು. ನೀವೂ ನೆಂಟರ ಮನೆಯ ಹಳೇ ಫೋಟೊಗಳ ಜೊತೆ ಇಟ್ಟು ನೋಡಿ. ಅದೇ ಪರದೆ, ಅದೇ ಕುರ್ಚಿ ಕಂಡರೆ ಸ್ಟುಡಿಯೊ ಒಂದೇ ಇರಬಹುದು, ಅಲ್ವಾ?

ಹೆಸರು ಹುಡುಕುವಾಗ ಬಹಳ ಜನ ನೇರ ಮೈಸೂರಿನ ಪಡೆಗಳ ಕಡೆ ಹೋಗುತ್ತಾರೆ. ಆದರೆ 1956ರವರೆಗೆ ನಮ್ಮ ಜಿಲ್ಲೆ ಇದ್ದದ್ದು ಮುಂಬೈ ಕಡೆ. ಕಾರವಾರ ಹತ್ತಿರದ ಚೆಂಡಿಯಾದಲ್ಲಿ ಹುಟ್ಟಿದ, ಪರಮವೀರ ಚಕ್ರ ಪಡೆದ ರಾಮಾ ರಾಘೋಬಾ ರಾಣೆಯವರು 1940ರಲ್ಲಿ ಸೇರಿದ್ದು ಬಾಂಬೆ ಎಂಜಿನಿಯರ್ಸ್‌ಗೆ. ಹಾಗಾಗಿ ಪುಣೆ ಹತ್ತಿರದ ಖಡ್ಕಿಯಲ್ಲಿರುವ ಬಾಂಬೆ ಎಂಜಿನಿಯರ್ಸ್, ಬೆಳಗಾವಿಯ ಮರಾಠಾ ಲೈಟ್ ಇನ್‌ಫ್ಯಾಂಟ್ರಿ ಇವುಗಳ ದಾಖಲೆ ಕಚೇರಿಗೆ ಮೊದಲು ಬರೆಯಿರಿ. ಸರ್ವಿಸ್ ನಂಬರ್ ಇದ್ದರೆ ಕೆಲಸ ಸಲೀಸು. ಎರಡು ಮಹಾಯುದ್ಧಗಳಲ್ಲಿ ತೀರಿಕೊಂಡವರಾದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ ಹೆಸರು ಹಾಕಿ ನೋಡಬಹುದು. ಒಂದೇ ಹೆಸರಿಗೆ ಹತ್ತು ಥರದ ಇಂಗ್ಲಿಷ್ ಸ್ಪೆಲ್ಲಿಂಗ್ ಇರುತ್ತದೆ, ಎಲ್ಲವನ್ನೂ ಹಾಕಿ.

ಇನ್ನು ಕಾಪಾಡುವುದು. ನಮ್ಮ ಮಳೆಗಾಲಕ್ಕೆ ಬೂಸ್ಟು ಬಾರದ ವಸ್ತುವೇ ಇಲ್ಲ. ಬೂಸ್ಟು ಬಂದರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಕಪ್ಪು ಭಾಗ ಬೆಳ್ಳಿಯಂತೆ ಹೊಳೆಯುತ್ತಿದ್ದರೂ ಉಜ್ಜಬೇಡಿ, ಅದು ಕೊಳೆಯಲ್ಲ, ಫೋಟೊದ ಬೆಳ್ಳಿಯೇ ಮೇಲೆ ಬಂದಿರುವುದು. ಆಮ್ಲರಹಿತ ಕಾಗದದ ಲಕೋಟೆಗೆ ಹಾಕಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಗೊತ್ತಾದ ವಿವರವನ್ನು ಲಕೋಟೆಯ ಮೇಲೆ, ಫೋಟೊ ಒಳಗಿಡುವ ಮೊದಲೇ ಬರೆಯಿರಿ. ನುಸಿ ಗುಳಿಗೆ, ಸೆಲ್ಲೋಟೇಪು, ಅಂಟು ಹಾಳೆಯ ಆಲ್ಬಮ್ ಮೂರೂ ಬೇಡ.